ಏಣಿ ಹಿಡಿದವರ ಮಾತು

ಒದ್ದೆ ಮರದ ವಾಸನೆ ನಿಮಗೆ ಹೇಗೋ ಕಾಣೆ, ನನಗಂತೂ ಮೂಗಿಗೆ ಬಡಿದ ಕೂಡಲೇ ಕಿವಿ ಚುರುಕಾಗುತ್ತದೆ. ಕೆಳಗಿನಿಂದ ಯಾರಾದರೂ ಮಾತಾಡಬೇಕಲ್ಲ ಎಂದು ಕಾಯುತ್ತದೆ. ಮೊನ್ನೆ ಪಾವಗಡದ ಕಡೆಯ ಬಲಸಮುದ್ರದಲ್ಲೂ ಹಾಗೇ ಆಯಿತು. ಅಲ್ಲೊಬ್ಬರು ಹೊಸ ಮನೆಯ ಮುಂಗೋಡೆಗೆ ಪೂರ್ತಿ ಮರದ ಹಲಗೆ ಹೊಡೆಸಿದ್ದಾರೆ. ಪಾವಗಡದ ಧೂಳು ಸುಮ್ಮನೆ ಬಿಡುತ್ತದೆಯೇ? ಅದನ್ನು ತೊಳೆಯುವುದು ನನ್ನ ಕಸುಬು.

ನಗಬೇಡಿ, ಇದಕ್ಕೂ ವಿದ್ಯೆ ಬೇಕು. ಮೋಟಾರು ಹಚ್ಚಿ ರಭಸವಾಗಿ ನೀರು ಹೊಡೆದಿರೋ, ಮರದ ಎಳೆ ಎದ್ದು, ಸಂದಿಗೆ ನೀರು ನುಗ್ಗಿ, ಹಲಗೆ ಒಳಗೊಳಗೇ ಕೊಳೆಯುತ್ತದೆ. ಮೆತ್ತನೆಯ ಬ್ರಷ್ಷು, ತೆಳ್ಳನೆಯ ಸೋಪುನೀರು ಸಾಕು. ಸೋಪು ಕೆಳಗಿನಿಂದ ಮೇಲಕ್ಕೆ, ಬರೀ ನೀರು ಮೇಲಿನಿಂದ ಕೆಳಕ್ಕೆ. ಇದನ್ನೆಲ್ಲ ಕಲಿಸಿದವರು ಶಿರಾದ ಮೆಹಬೂಬ್ ಚಾಚಾ. ಅವರದು ಇನ್ನೊಂದು ನೇಮವಿತ್ತು: ಏಣಿ ಹಿಡಿದವನು ಮಾತು ನಿಲ್ಲಿಸಕೂಡದು. ಮೇಲಿದ್ದವನು ಬಗ್ಗಿ ನೋಡಿದರೆ ಕಾಲು ತಪ್ಪುತ್ತದೆ. ಮಾತು ಕೇಳುತ್ತಿದ್ದರೆ ಕೆಳಗೆ ಜನ ಇದ್ದಾರೆಂದು ಧೈರ್ಯ.

ಏಣಿ ಹಿಡಿಯುತ್ತಿದ್ದವರು ಅವರೇ. ಬೆಳಗ್ಗೆ ಶುರುವಾದ ಮಾತು ಸಂಜೆಗೂ ಮುಗಿಯುತ್ತಿರಲಿಲ್ಲ. "ಕೇಳ್ಲಾ, ನಮ್ ಸೊಸೆ ಬಿರಿಯಾನಿಗೆ ಹುಣ್ಸೇಹಣ್ ಹಾಕ್ಬುಟ್ಟವ್ಳೆ! ಇದೇನವ್ವಾ, ಸಾರಾ ಅಂದೆ. ಮೂರ್ ದಿನ ಮಾತ್ ಬುಟ್ಲು ಕಣ್ಲಾ!" ನಾನೋ, ಮಾತಿನಲ್ಲಿ ಜಿಪುಣ, ಕೋಪದಲ್ಲಿ ಧಾರಾಳಿ.

ಮೂರು ವರ್ಷದ ಹಿಂದೆ ಮಧುಗಿರಿಯ ಒಂದು ಮನೆಯಲ್ಲಿ ಆ ಧಾರಾಳತನ ತೋರಿಸಿದೆ. ಮನೆಯ ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಚಾಚಾ ಅದೇ ಬಿರಿಯಾನಿಯ ಕಥೆ ಎತ್ತಿದರು. "ಬಾಯ್ ಮುಚ್ಕೊಂಡ್ ಏಣಿ ಹಿಡಿ ಚಾಚಾ, ತಲೆ ಚಿಟ್ ಹಿಡಿತದೆ," ಎಂದೆ. ಯಜಮಾನರು ನಕ್ಕರು. ಚಾಚಾ ಸುಮ್ಮನಾದರು.

ಕಾಲು ಗಂಟೆ ಕೆಳಗಿನಿಂದ ಸದ್ದಿಲ್ಲ. ಮುನಿಸಿಕೊಂಡು ಟೀ ಕುಡಿಯಲು ಹೋದರೇನೋ ಎಂದು ಬಗ್ಗಿದೆ. ಸೋಪುನೀರು ಬಿದ್ದ ಮೆಟ್ಟಿಲಲ್ಲಿ ಕಾಲು ಜಾರಿತು. ಚಾಚಾ ಅಲ್ಲೇ ಇದ್ದರು, ಎರಡೂ ಕೈಯಲ್ಲಿ ಏಣಿ ಹಿಡಿದು. ನಾನು ಬಿದ್ದದ್ದು ಅವರ ಬಲಗೈ ಮೇಲೆ.

ನನಗೆ ಒಂದು ತರಚು ಗಾಯವೂ ಆಗಲಿಲ್ಲ. ಅವರ ಮಣಿಕಟ್ಟು ಮುರಿಯಿತು. ಎದ್ದವನೇ ನಾನು ಹೇಳಿದ್ದೇನು ಗೊತ್ತೇ? "ಇದ್ದೀನಿ ಅಂತ ಒಂದ್ ಮಾತ್ ಹೇಳಕ್ಕೆ ಏನಾಗಿತ್ತು?"

"ನೀನೇ ಬ್ಯಾಡ ಅಂದ್ಯಲ್ಲಪ್ಪ," ಎಂದರು ಚಾಚಾ, ಹಲ್ಲು ಕಚ್ಚಿಕೊಂಡು.

ಮೂಳೆ ಸೊಟ್ಟಗೆ ಕೂಡಿತಂತೆ. ಅಂತೆ ಎನ್ನುತ್ತೇನೆ, ಯಾಕೆಂದರೆ ನಾನು ನೋಡಲು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಅಂದಿನಿಂದ ಏಣಿಯನ್ನು ಕಿಟಕಿಯ ಸರಳಿಗೆ ಹಗ್ಗದಿಂದ ಬಿಗಿದು ಒಬ್ಬನೇ ಕೆಲಸ ಮಾಡುತ್ತೇನೆ. ಹಗ್ಗ ಗಟ್ಟಿಯೇ, ಎಂದೂ ಜಾರಿಲ್ಲ. ಆದರೆ ಮಧ್ಯಾಹ್ನದ ಬಿಸಿಲಲ್ಲಿ, ಆ ಎತ್ತರದಲ್ಲಿ, ಲೋಕದಲ್ಲಿ ನಾನೊಬ್ಬನೇ ಉಳಿದೆನೇನೋ ಎನಿಸುತ್ತದೆ.

ಬಲಸಮುದ್ರದ ಮನೆಯಾಕೆ ಮೊನ್ನೆ ಕೆಳಗಿನಿಂದ ಕೇಳಿದರು, "ಅಣ್ಣಾ, ಅವಾಗಿಂದ ಯಾರ್ ಜೊತೆ ಮಾತಾಡ್ತಿದ್ದೀಯಾ?"

ನಾಚಿಕೆಯಾಯಿತು. ಸೋಪು ಒಣಗಿದರೆ ಹಲಗೆಗೆ ಕಲೆ ಕೂರುತ್ತದೆ, ಅದಕ್ಕೇ ಪೂರ್ತಿ ತೊಳೆದು ಮುಗಿಸಿ, ಶಿರಾ ಬಸ್ಸು ಹತ್ತಿದೆ.

ಚಾಚಾ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿದ್ದರು. ಸೊಟ್ಟಗಾದ ಕೈ ಮಡಿಲಲ್ಲಿತ್ತು. ಮೂರು ವರ್ಷ ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ಕೇಳಲಿಲ್ಲ. "ಏಣಿ ಯಾರ್ಲಾ ಹಿಡೀತಾರೆ ಈಗ?" ಎಂದರು.

"ಯಾರೂ ಇಲ್ಲ ಚಾಚಾ. ಹಗ್ಗ ಕಟ್ತೀನಿ."

"ಹಗ್ಗ ಮಾತಾಡ್ತದಾ?"

"ತಪ್ಪಾಯ್ತು ಚಾಚಾ," ಎಂದೆ.

ಅವರು ಬೆಂಚಿನ ಮೇಲೆ ಸ್ವಲ್ಪ ಸರಿದರು. ನಾನು ಕೂತು, ಬಲಸಮುದ್ರದ ಗೋಡೆಯ ಕಥೆಯನ್ನು ಕೆಳಗಿನ ಹಲಗೆಯಿಂದ ಶುರುಮಾಡಿದೆ. ಕತ್ತಲಾಗುವವರೆಗೂ ಮಾತು ನಿಲ್ಲಿಸಲಿಲ್ಲ.