ಸ್ಯಾಕ್ಸೊಫೋನಿನಲ್ಲಿ ಅವ್ವನ ಧಾಟಿ

ಎರಡನೇ ಮಹಾಯುದ್ಧ ಮುಗಿದ ವರ್ಷ, ಮಳವಳ್ಳಿಯ ಮದುವೆ ಚಪ್ಪರದ ಮುಂದೆ ಸ್ಯಾಕ್ಸೊಫೋನ್ ಊದುತ್ತಿದ್ದೆ. ಅರಿಶಿನ ಕುಟ್ಟುತ್ತಿದ್ದ ಮುದುಕಿಯೊಬ್ಬಳು ಹಳದಿ ಕೈಯಲ್ಲೇ ಎದ್ದು ಬಂದು ಎದುರು ನಿಂತಳು.

“ನೀನು ಹೊಳಲು ನಿಂಗವ್ವನ ಮಗ ಅಲ್ವೇನ್ಲಾ?”

ತಬ್ಬಿಬ್ಬಾದೆ. ನಾನು ಊದುತ್ತಿದ್ದದ್ದು ಬೆಂಗಳೂರು ದಂಡಿನಿಂದ ಬಂದ ಜಾಝ್ ರೆಕಾರ್ಡಿನ ಹಾಡು. ಆದರೆ ಪ್ರತಿ ಸಾಲಿನ ಕೊನೆಯ ಸ್ವರ ನನ್ನ ಕೈಮೀರಿ ಕೆಳಕ್ಕೆ ಜಾರುತ್ತಿತ್ತು. ರೆಕಾರ್ಡಿನಲ್ಲಿ ಹಾಗಿಲ್ಲವೆಂದು ನಮ್ಮ ಮದ್ದೂರು ಬ್ಯಾಂಡಿನ ಮಾಸ್ತರರು ದಿನವೂ ಬೈಯುತ್ತಿದ್ದರು. ಇವತ್ತೂ ಜಾರಿದರೆ ವಾದ್ಯ ಕಿತ್ತುಕೊಳ್ಳುತ್ತೇನೆ ಎಂದಿದ್ದರು.

“ನಿಮ್ಮವ್ವ ಸೋಬಾನೆಗೆ ಕುಂತ್ರೆ ಸಾಲ್ನ ಇಂಗೇ ಜಾರ್ಸೋಳು ಕಣಪ್ಪ. ಅದು ಬೀಳೋಕ್ ಮುಂಚೆ ನಾನು ಎತ್ಕೋತಿದ್ದೆ. ಊದು, ನಿಲ್ಲುಸ್ಬ್ಯಾಡ.”

ಊದಿದೆ. ಸ್ವರ ಜಾರಿತು. ಅದು ಆರುವ ಮೊದಲೇ ಆಕೆ ಆ ಸ್ವರದಿಂದಲೇ ಸೋಬಾನೆಯ ಸಾಲೊಂದನ್ನು ಎತ್ತಿಕೊಂಡಳು. ಮಾಸ್ತರರು ಡ್ರಮ್ಮಿನವನಿಗೆ ಮೆಲ್ಲಗೆ ಬಾರಿಸೆಂದು ಸನ್ನೆ ಮಾಡಿದರು.

ಅವ್ವ ತೀರಿಕೊಂಡಾಗ ನಾನಿನ್ನೂ ಅವಳ ಸೊಂಟದ ಮೇಲಿನ ಕೂಸು. ಅವಳ ಮುಖ ನನಗೆ ನೆನಪಿಲ್ಲ. ಈಗಲೂ ಸಾಲು ಜಾರಿಸಿದ ಮೇಲೆ, ಯಾರಾದರೂ ಎತ್ತಿಕೊಳ್ಳುತ್ತಾರೇನೋ ಎಂದು ಒಂದು ಉಸಿರು ಕಾಯುತ್ತೇನೆ.