ಪಂಪಣ್ಣನ ಕಿವಿ

ಪಂಪಣ್ಣ ಅನ್ನುವುದು ಅವನ ಹೆಸರಲ್ಲ. ಅಗ್ನಿಶಾಮಕ ಠಾಣೆಯಲ್ಲಿ ಹತ್ತೊಂಬತ್ತು ವರ್ಷ ಗಾಡಿಯ ಪಂಪಿನ ಪಕ್ಕ ನಿಂತು ನಿಂತು ಅಂಟಿಕೊಂಡದ್ದು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಬೆಂಕಿ ಆರಿಸುವವರೆಂದರೆ ಜನರ ಕಣ್ಣಿಗೆ ಬೀಳುವುದು ಹೆಲ್ಮೆಟ್ ಹಾಕಿಕೊಂಡು ಹೊಗೆಯೊಳಗೆ ನುಗ್ಗುವವರೇ. ಗಾಡಿಯ ಹಿಂದೆ ನಿಂತು ಮೀಟರಿನ ಮುಳ್ಳು ನೋಡುತ್ತ ಹಿಡಿಕೆ ತಿರುಗಿಸುವವನನ್ನು ಯಾರು ಕೇಳುತ್ತಾರೆ? ಪೇಪರಿನ ಫೋಟೋದಲ್ಲಿ ಅವನ ಮೊಣಕೈ ಬಂದರೆ ಅದೇ ದೊಡ್ಡದು. ಆದರೆ ಒಳಗೆ ಹೋದವರ ಜೀವ ಇರುವುದು ಆ ಮೊಣಕೈಯಲ್ಲೇ. ಆ ಹಳೇ ಗಾಡಿಯ ಪೈಪಿನ ಮೂತಿಗೆ ನೀರು ನಿಲ್ಲಿಸುವ ತಿರುಪು ಇರಲಿಲ್ಲ. ಒಳಗಿನವರು ವಾಕಿಟಾಕಿಯಲ್ಲಿ ಹೇಳಬೇಕು, ಇವನು ಕೇಳಿಸಿಕೊಂಡು ಹಿಡಿಕೆ ತಿರುಗಿಸಬೇಕು.

ಅದಕ್ಕೇ ಠಾಣೆಯಲ್ಲಿ ಒಂದು ಕಟ್ಟುನಿಟ್ಟು. "ಬಿಡು" ಅನ್ನುವ ಮಾತನ್ನು ಯಾರೂ ಆಡಕೂಡದು. ಹಿಂದೆ ಯಾವಾಗಲೋ ಹುಲ್ಲಿನ ಬೆಂಕಿಯೊಂದರಲ್ಲಿ ಒಬ್ಬ "ಬಿಡು, ಬಿಡು" ಅಂತ ಕೂಗಿದ್ದನಂತೆ. ಇನ್ನು ಆಗುವುದಿಲ್ಲ, ಬಿಟ್ಟುಬಿಡು ಅಂತ ಅವನ ಅರ್ಥ. ಪಂಪಿನಲ್ಲಿದ್ದವನು ನೀರು ಬಿಡು ಅಂದುಕೊಂಡು ಪೂರ್ತಿ ತಿರುಗಿಸಿದ. ಪೈಪು ಹಿಡಿದಿದ್ದವನು ಎರಡು ಮಾರು ಹಿಂದೆ ಹೋಗಿ ಬಿದ್ದು ಭುಜ ಮುರಿದುಕೊಂಡ. ಅಂದಿನಿಂದ ಎರಡೇ ಮಾತು. ನೀರು ಬೇಕಾದರೆ "ಕೊಡು", ನಿಲ್ಲಿಸಬೇಕಾದರೆ "ಸಾಕು". ಹೊಸಬರಿಗೆ ಇದನ್ನು ಬಾಯಿಪಾಠ ಮಾಡಿಸುವವನು ಪಂಪಣ್ಣ. ಊಟಕ್ಕೆ ಕೂತಾಗ ಒಬ್ಬ "ಆ ವಿಷಯ ಬಿಡಿ ಅಣ್ಣ" ಅಂದದ್ದಕ್ಕೂ ಕಣ್ಣು ಬಿಟ್ಟಿದ್ದ.

ಇಂಥ ಶಿಸ್ತಿನ ಮನುಷ್ಯ ಒಂದು ಗುಟ್ಟು ಇಟ್ಟುಕೊಂಡಿದ್ದ. ಪಂಪಿನ ಅಬ್ಬರ ತಿಂದು ತಿಂದು ಅವನ ಬಲಗಿವಿ ಹೋಗಿತ್ತು. ಹೋದರೆ ಹೋಗಲಿ, ಎಡಗಿವಿ ಇದೆಯಲ್ಲ ಅಂದುಕೊಂಡರೆ ಅದೂ ಕೈಕೊಡತೊಡಗಿತು. ಮೊದಲು ಹೋದದ್ದು ಕುಕ್ಕರಿನ ಸೀಟಿ. ಆಮೇಲೆ ಮಾತಿನೊಳಗಿನ ಸಕಾರ. ಒಂದು ಬೆಳಿಗ್ಗೆ ಹೆಂಡತಿ ಲೋಟ ಹಿಡಿದುಕೊಂಡು "ಸಕ್ಕರೆ ಸಾಲ್ದಾ?" ಅಂದಳು. ಇವನಿಗೆ ಕೇಳಿಸಿದ್ದು ಅಕ್ಕರೆ. "ಅಕ್ಕರೆಗೇನು ಕಮ್ಮಿ?" ಅಂದ. ಅವಳು ನಾಚಿಕೊಂಡು ನಕ್ಕಳು. ಇಷ್ಟು ವರ್ಷಕ್ಕೆ ಗಂಡನಿಗೆ ಸರಸ ಬಂತಲ್ಲ ಅಂತ ಅವಳಿಗೆ ಖುಷಿ. ಅವಳು ಸಕ್ಕರೆ ಡಬ್ಬಿ ಮುಂದಿಟ್ಟಾಗಲೇ ಅವನಿಗೆ ತಪ್ಪು ಗೊತ್ತಾದದ್ದು.

ಸಾಕು ಅನ್ನುವ ಮಾತು ಶುರುವಾಗುವುದೇ ಆ ಅಕ್ಷರದಿಂದ.

ಹೇಳಬೇಕಿತ್ತು. ಹೇಳಲಿಲ್ಲ. ವರ್ಷಕ್ಕೊಮ್ಮೆ ಕಿವಿ ಪರೀಕ್ಷೆಗೆ ಬರುವ ಡಾಕ್ಟರು ಪಿಸುಗುಟ್ಟುವ ಅಂಕಿಗಳನ್ನು ಅವರ ತುಟಿ ನೋಡಿ ಹೇಳಿ ಪಾಸಾಗುತ್ತಿದ್ದ. ಪಂಪು ಬಿಟ್ಟರೆ ತಾನೇನು, ಠಾಣೆಯ ಅಂಗಳ ಗುಡಿಸುವವನೇ ಅನ್ನುವ ಅಂಜಿಕೆ. ಆ ಅಂಜಿಕೆಯ ಮೇಲೆ ಇನ್ನೂ ದೊಡ್ಡದೊಂದು ಬಂದು ಕೂತಿತ್ತು. ಪೈಪು ಹಿಡಿದು ಒಳಗೆ ಹೋಗುವವನು ಅವನ ಭಾವಮೈದ, ಹೆಂಡತಿಯ ಒಬ್ಬನೇ ತಮ್ಮ. ತಮ್ಮ ಬೆಂಕಿಯ ಕೆಲಸಕ್ಕೆ ಸೇರುತ್ತೇನೆ ಅಂದಾಗ ಅವಳು ಎರಡು ದಿನ ಒಲೆ ಹಚ್ಚಿರಲಿಲ್ಲ. ಕೊನೆಗೆ ಒಪ್ಪಿದ್ದು ಪಂಪಿನಲ್ಲಿ ಗಂಡನೇ ಇರುತ್ತಾನೆ ಅನ್ನುವ ಒಂದೇ ಮಾತಿಗೆ. ಗಂಟೆ ಬಾರಿಸಿದಾಗಲೆಲ್ಲ ಪಂಪಣ್ಣ ವಾಕಿಟಾಕಿಯ ಸದ್ದು ಪೂರ್ತಿ ಏರಿಸಿಕೊಳ್ಳುತ್ತಿದ್ದ. ಬೆಂಕಿಗೆ ಹೆದರಿದವನಲ್ಲ ಅವನು. ತನ್ನ ಕಿವಿಗೆ ಹೆದರಿದ್ದ.

ಆ ದಿನ ಮಧ್ಯಾಹ್ನ ಊರ ಅಂಚಿನ ಬಯಲಿನಲ್ಲಿ ಹುಲ್ಲು ಹತ್ತಿಕೊಂಡಿತು. ಒಣಹುಲ್ಲಿನ ಬೆಂಕಿಗೆ ಕಾಲಿಲ್ಲದಿದ್ದರೂ ಓಟ ಜೋರು. ಗಾಡಿ ಹೋಗಿ ನಿಲ್ಲುವ ಹೊತ್ತಿಗೆ ಗಾಳಿ ತಿರುಗಿ, ಸಾಲುಮನೆಗಳಲ್ಲಿ ಕೊನೆಯದರ ಹಿತ್ತಲ ಸೌದೆಗೆ ತಾಗಿ, ಅಲ್ಲಿಂದ ಸೂರು ಹಿಡಿದಿತ್ತು. ಠಾಣೆಯ ಸಾಹೇಬರು ಇನ್ನಿಬ್ಬರನ್ನು ಕರೆದುಕೊಂಡು ಹಸಿ ಸೊಪ್ಪಿನ ಕೊಂಬೆಗಳಿಂದ ಹುಲ್ಲು ಬಡಿಯಲು ಓಡಿದರು. ಆಗ ಆ ಮನೆಯ ಹೆಂಗಸು ಅಂಗಳದಲ್ಲಿ ಭಾವಮೈದನ ತೋಳು ಹಿಡಿದುಕೊಂಡಳು.

"ನಮ್ಮಾವ ಒಳಗಿದಾರೆ. ಹಿಂದಿನ ಕೋಣೇಲಿ. ಎದ್ದು ನಡೆಯೋಕಾಗಲ್ಲ ಅವ್ರಿಗೆ."

ಒಬ್ಬನೇ ಒಳಗೆ ಹೋಗಬಾರದು ಅನ್ನುವುದು ನಿಯಮ. ಇನ್ನೊಬ್ಬ ಎಲ್ಲಿದ್ದ?

"ಭಾವ, ನೀರು ನೋಡ್ಕೊ," ಅಂದು ಭಾವಮೈದ ಪೈಪು ಹೆಗಲಿಗೇರಿಸಿಕೊಂಡು ಬಾಗಿಲಿನ ಹೊಗೆಯಲ್ಲಿ ಕಾಣೆಯಾದ. ಸ್ವಲ್ಪ ಹೊತ್ತಿಗೆ ವಾಕಿಟಾಕಿಯಲ್ಲಿ "ಕೊಡು" ಅಂತ ಬಂತು. ಅದು ಸ್ಪಷ್ಟವಾಗಿ ಕೇಳಿಸಿತು. ಪಂಪಣ್ಣ ಹಿಡಿಕೆ ತಿರುಗಿಸಿದ. ನೆಲದ ಮೇಲೆ ಚಪ್ಪಟೆಯಾಗಿ ಬಿದ್ದಿದ್ದ ಪೈಪು ಉಬ್ಬಿಕೊಂಡು ಬಾಗಿಲೊಳಗೆ ಸರಿಯಿತು. ಸೂರಿನ ಹಂಚು ಒಂದೊಂದೇ ಸಿಡಿದು ಅಂಗಳಕ್ಕೆ ಬೀಳುತ್ತಿತ್ತು. ಟ್ಯಾಂಕಿನ ಮುಳ್ಳು ಅರ್ಧದಿಂದ ಕೆಳಗಿಳಿಯಿತು. ಪಂಪಣ್ಣ ಎಡಗಿವಿಗೆ ವಾಕಿಟಾಕಿ ಒತ್ತಿಕೊಂಡು ನಿಂತಿದ್ದ.

ವಾಕಿಟಾಕಿ ಗೊರಗೊರ ಅಂದಿತು. ಅದರೊಳಗಿನಿಂದ ಮಾತಿನ ಚೂರೊಂದು ಬಂತು. "ಆಕು" ಅಂತಲೋ, "ಏಕು" ಅಂತಲೋ.

ಸಾಕು ಅಂದನೋ? ಬೇಕು ಅಂದನೋ? ಬೇಕು ಅನ್ನುವುದು ಠಾಣೆಯ ಮಾತಲ್ಲ, ನಿಜ. ಹೊಗೆಯಲ್ಲಿ ಸಿಕ್ಕಿಕೊಂಡವನ ಬಾಯಿಗೆ ಠಾಣೆಯ ಮಾತು ನೆನಪಿರುತ್ತದೆಯೇ? ಬೇಕು ಅಂದಿದ್ದರೆ, ನಿಲ್ಲಿಸಿದ ಗಳಿಗೆಯಲ್ಲೇ ಬೆಂಕಿ ಅವನ ಮೇಲೆ ಬರುತ್ತದೆ. ಸಾಕು ಅಂದಿದ್ದರೆ, ಮುದುಕನನ್ನು ಎತ್ತಲು ಪೈಪು ಕೆಳಗಿಟ್ಟಿದ್ದಾನೆ ಅಂತ ಅರ್ಥ. ನೀರು ತುಂಬಿದ ಪೈಪನ್ನು ಕೈಬಿಟ್ಟರೆ ಅದರ ಹಿತ್ತಾಳೆ ಮೂತಿ ಹುಚ್ಚೆದ್ದು ಸಿಕ್ಕಸಿಕ್ಕಲ್ಲಿ ಬಡಿಯುತ್ತದೆ.

"ಏನಂದೆ? ಇನ್ನೊಂದ್ಸಲ ಹೇಳು. ಕೇಳ್ತಾ ಇದೆಯೇನೋ?"

ಉತ್ತರ ಬಂತೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ. ಅದೇ ಅವನ ಎದೆ ಒಡೆಸಿದ್ದು. ಉತ್ತರ ಬರದಿದ್ದರೆ ಬೇರೆ ಮಾತು, ಬಂದೂ ತನಗೆ ಕೇಳದಿದ್ದರೆ? ಪೆಟ್ಟಾದರೆ ವಾಸಿಯಾದೀತು, ಸುಟ್ಟರೆ ಏನೂ ಉಳಿಯುವುದಿಲ್ಲ ಅಂದುಕೊಂಡು ಹಿಡಿಕೆಯನ್ನು ಇನ್ನಷ್ಟು ತಿರುಗಿಸಿಬಿಟ್ಟ.

ಅಂಗಳದಲ್ಲಿದ್ದ ಹೆಂಗಸು ಓಡಿ ಬಂದು ಅವನ ಅಂಗಿ ಹಿಡಿದು ಜಗ್ಗಿದಳು. ಅವಳ ಮುಖ ನೋಡಿದ ಮೇಲೇ ಅವಳು ಕಿರುಚುತ್ತಿದ್ದಾಳೆ ಅಂತ ಗೊತ್ತಾದದ್ದು.

"ಸಾಕು ಅಂತಿದಾರೆ. ಅವಾಗ್ಲಿಂದ ಒಳಗಿಂದ ಕೂಗ್ತಾನೇ ಇದಾರೆ, ಸಾಕು ಅಂತ. ಕೇಳ್ತಿಲ್ವಾ ನಿಮಗೆ?"

ಇಪ್ಪತ್ತು ಹೆಜ್ಜೆ ಆಚೆ ನಿಂತವಳಿಗೆ ಕೇಳಿಸಿತ್ತು. ಪಂಪಣ್ಣ ನೀರು ನಿಲ್ಲಿಸಿದ.

ಭಾವಮೈದ ಮುದುಕನನ್ನು ಕಂಬಳಿಯಲ್ಲಿ ಎಳೆದುಕೊಂಡು ಹೊರಗೆ ಬಂದ. ಮುದುಕ ತೊಯ್ದು ತೊಪ್ಪೆಯಾಗಿ ಕೆಮ್ಮುತ್ತಿದ್ದ, ಬದುಕಿದ್ದ. ಭಾವಮೈದನ ಮೇಲ್ದುಟಿ ಮೂಗಿನವರೆಗೆ ಸೀಳಿತ್ತು. ಮುಂದಿನ ಎರಡು ಹಲ್ಲು ಇರಲಿಲ್ಲ. ಪೈಪಿನ ಮೂತಿ ಇನ್ನು ನಾಲ್ಕು ಬೆರಳು ಮೇಲೆ ಬಡಿದಿದ್ದರೆ ಕಣ್ಣೇ ಹೋಗುತ್ತಿತ್ತು.

ಸಂಜೆಯ ಹೊತ್ತಿಗೆ ಅವನು ಹೊಲಿಗೆ ಹಾಕಿಸಿಕೊಂಡು ಠಾಣೆಗೆ ಬಂದು ಪಂಪಣ್ಣನ ಪಕ್ಕ ಬೆಂಚಿನ ಮೇಲೆ ಕೂತ. ಸಾಹೇಬರು ವರದಿ ಬರೆಯುತ್ತಿದ್ದರು.

"ತಪ್ಪು ನಂದೇ ಸಾರ್," ಅಂದ ಭಾವಮೈದ, ತುಟಿ ಅಲುಗಿಸದೆ. "ಗಾಬರೀಲಿ ಮೊದಲು ಬೇಕು ಅಂದಿರ್ಬೇಕು. ಭಾವ ತಪ್ಪು ಕೇಳಿಸ್ಕೊಳೋರಲ್ಲ."

"ಹಾಗಾದ್ರೆ ನಿನ್ನನ್ನ ಮತ್ತೆ ತರಬೇತಿಗೆ ಹಾಕ್ಬೇಕಾಗತ್ತಪ್ಪ," ಅಂದರು ಸಾಹೇಬರು. ಆಮೇಲೆ ಪಂಪಣ್ಣನ ಕಡೆ ತಿರುಗಿದರು. "ನಿಂಗೇನು ಕೇಳಿಸ್ತು? ಹೇಳು, ಬರ್ಕೋತೀನಿ."

ಬೇಕು ಅಂದ ಸಾರ್ ಅಂದಿದ್ದರೆ ಮುಗಿಯುತ್ತಿತ್ತು. ಹುಡುಗನೇ ಒಪ್ಪಿಕೊಂಡಿದ್ದಾನೆ, ಯಾರು ಕೇಳುತ್ತಿದ್ದರು? ಆ ಮಾತು ಪಂಪಣ್ಣನ ನಾಲಗೆಯ ತುದಿಯವರೆಗೆ ಬಂದಿತ್ತು ಕೂಡ. ಹೊಲಿಗೆ ಹಾಕಿದ ತುಟಿ ನೋಡಿ ಅದನ್ನು ನುಂಗಿಕೊಂಡ.

"ನಂಗೆ ಕೇಳಿಸ್ಲಿಲ್ಲ ಸಾರ್."

"ಆ ಗದ್ದಲದಲ್ಲಿ ಯಾರಿಗೆ ತಾನೇ ಕೇಳಿಸತ್ತೆ," ಅಂದು ಸಾಹೇಬರು ಬರೆಯತೊಡಗಿದರು. ಪಾರಾಗಲು ಎರಡನೆಯ ಬಾಗಿಲೂ ತೆರೆದಿತ್ತು.

"ಗದ್ದಲದ್ದಲ್ಲ ಸಾರ್. ಕಿವೀದು. ಬಲಗಡೇದು ಪೂರ್ತಿ ಹೋಗಿದೆ. ಎಡಗಡೇದೂ ಅಷ್ಟಕ್ಕಷ್ಟೆ."

ಸಾಹೇಬರ ಪೆನ್ನು ನಿಂತಿತು. "ಎಷ್ಟು ದಿನದಿಂದ?"

"ಎರಡು ವರ್ಷ ಮೇಲಾಯ್ತು."

ಭಾವಮೈದ ಕೆಲಸಕ್ಕೆ ಸೇರಿ ಎರಡು ವರ್ಷ. ಅವನು ಏನೋ ಲೆಕ್ಕ ಹಾಕುತ್ತಿರುವಂತೆ ನೆಲ ನೋಡುತ್ತ ಕೂತ. ಗೋದಾಮು, ಬಟ್ಟೆ ಅಂಗಡಿ, ಮೂರು ಮಹಡಿಯ ಒಂದು ಮನೆ, ಎಲ್ಲದರೊಳಗೂ ಅವನು ಹೋಗಿ ಬಂದಿದ್ದ. ಹಿಂದೆ ಭಾವ ಇದ್ದಾನೆ ಅಂತಲೇ ಹೋಗಿದ್ದ. ತಲೆಯೆತ್ತಿದಾಗ, ಉರಿಯುವ ಮನೆಯ ಬಾಗಿಲಲ್ಲೂ ಅವನ ಮುಖದಲ್ಲಿ ಕಾಣದಿದ್ದ ಭಯ ಈಗ ಕಂಡಿತು. ಅವನು ಬೆಂಚಿನ ಮೇಲೆ ಒಂದು ಗೇಣು ಆಚೆ ಸರಿದು, ಏನೋ ಕೇಳಿದ.

ಅವನು ಕೂತದ್ದು ಬಲಗಡೆ. ಪಂಪಣ್ಣ ಪೂರ್ತಿ ತಿರುಗಿ ಎಡಗಿವಿ ಒಡ್ಡಿದ.

"ಇನ್ನೊಂದ್ಸಲ ಹೇಳೋ."

"ಅಕ್ಕಂಗೆ ಗೊತ್ತಾ, ಭಾವ?"

ಪಂಪಣ್ಣ ಇಲ್ಲ ಅಂತ ತಲೆ ಅಲ್ಲಾಡಿಸಿದ.