ಅಜ್ಜಿಯ ಮುರಿಯದ ಕೈ

ಫ್ರೆಂಡ್ಸ್, ನಾಳೆ ನನಗೆ ಹದಿನೆಂಟು ತುಂಬುತ್ತದೆ, ಅಲ್ಲಿಗೆ ರಾಷ್ಟ್ರಪತಿ ಸ್ಕೌಟ್ ಪ್ರಶಸ್ತಿಯ ಬಾಗಿಲು ಮುಚ್ಚುತ್ತದೆ. ಬಾಕಿ ಇದ್ದದ್ದು ಪ್ರಥಮ ಚಿಕಿತ್ಸೆಯ ಪರೀಕ್ಷೆ ಒಂದೇ. ಫಸ್ಟ್ ಇಯರ್ ಎಕ್ಸಾಮಿಗೂ ಇಷ್ಟು ಹೆದರಿರಲಿಲ್ಲ. ಲಾಗ್ ಬುಕ್ ಹಿಡಿದು ಇವತ್ತು ಬ್ಯಾಡಗಿಯಿಂದ ರಾಣೆಬೆನ್ನೂರಿಗೆ, ನಮ್ಮ ಮಾಸ್ತರರ ಮನೆಗೆ ಓಡಿದೆ. ಪ್ರೈಮರಿಯಲ್ಲಿ ಕಲಿಸಿದವರೂ ಅವರೇ, ಸ್ಕೌಟಿಗೆ ಸೇರಿಸಿದವರೂ ಅವರೇ. ಬೇಡವೆಂದರೂ ಅಜ್ಜಿ ಜೊತೆಗೆ ಬಂದಳು.

ಬಾಗಿಲಲ್ಲೇ ಶುರು ಮಾಡಿದಳು. "ಮಾಸ್ತರ, ಇವಂಗೆಲ್ಲಿ ಹದಿನೆಂಟ್ರೀ? ಇವ ಹುಟ್ಟಿದ್ದು ದೀಪಾವಳಿ ಮುಂದ. ಜೂನ್ ಒಂದು ಅಂತ ಸಾಲ್ಯಾಗ ಬರದವ್ರು ನೀವ!"

ಮಾಸ್ತರರು ನಕ್ಕರು. "ವಯಸ್ಸು ಕಮ್ಮಿ ಇದ್ರೂ ಸಾಲಿಗೆ ತಗೋರಿ ಅಂತ ಗಂಟುಬಿದ್ದವ್ರು ಯಾರವ್ವಾ? ಇರ್ಲಿ, ಇಲ್ಲಿ ಕುಂದರು. ನಿನ್ನ ಕೈ ಮುರದೈತಿ ಅಂತ ತಿಳ್ಕೋ. ತಮ್ಮಾ, ಕಟ್ಟು."

"ಬಿಡ್ತು ಅನ್ರಿ! ನನ್ನ ಕೈ ಯಾಕ ಮುರೀತೈತಿ?"

ನಾನು ಅವಳ ಕೈಯನ್ನು ಸ್ಕಾರ್ಫಿನಲ್ಲಿ ಕೊರಳಿಗೆ ತೂಗುಹಾಕಿದೆ. ಅವಳು ಇನ್ನೊಂದು ಕೈ ಬೀಸಿ ವಾದಿಸುತ್ತಲೇ ಇದ್ದಳು. ಮಾಸ್ತರರು ಗಂಟು ಎಳೆದು ನೋಡಿದರು. "ಇಷ್ಟು ಹಾರಾಡೋ ಪೇಷಂಟಿಗೆ ಕಟ್ಟಿದ್ದು ನಿಂತೈತಿ ಅಂದ್ರ ಪಾಸ್," ಎಂದು ಸಹಿ ಹಾಕಿದರು. ನನ್ನ ಕಣ್ಣು ತುಂಬಿ ಬಂತು.

ವಾಪಸ್ ಬರುವ ಬಸ್ಸು ಕಿಕ್ಕಿರಿದಿತ್ತು. ಕಟ್ಟು ಬಿಚ್ಚಲು ಹೋದರೆ ಅಜ್ಜಿ ಗದರಿದಳು. "ಸುಮ್ನಿರು, ಇದನ್ನ ನೋಡೇ ಸೀಟು ಬಿಟ್ಟುಕೊಟ್ಟಾರ."

ಆಮೇಲೆ ಪಕ್ಕದವರಿಗೆ, ಕೈ ಹೇಗೆ ಮುರಿಯಿತೆಂದು ವಿವರವಾಗಿ ಹೇಳತೊಡಗಿದಳು. ಸ್ಕೌಟ್ ಸುಳ್ಳು ಹೇಳಬಾರದು ಎಂಬ ನಿಯಮ ನನಗಿದೆ. ಅದಕ್ಕೇ ಬ್ಯಾಡಗಿ ಬರುವವರೆಗೂ ಕಿಟಕಿಯಾಚೆ ನೋಡುತ್ತಾ ನಿಂತಿದ್ದೆ.